ತಕ್ಕಡಿ ಮತ್ತು ಖಾಲಿ ಕುರ್ಚಿ

ಒಬ್ಬ ಮಾಸ್ತರ ಚೆನ್ನಾಗಿ ಪಾಠ ಮಾಡುತ್ತಾನೋ ಇಲ್ಲವೋ ಎಂದು ಹುಡುಗರ ಬಾಯಿಯನ್ನು ಕೇಳುವ ಬದಲು ಅವರ ಅಂಗೈಯನ್ನೇ ಕೇಳಿಬಿಟ್ಟರೆ? ಗುಳೇದಗುಡ್ಡದ ನೇಕಾರಪೇಟೆ ಕಾಲೇಜಿನ ಆಡಳಿತ ಮಂಡಳಿಗೆ ಇಂಥ ಯೋಚನೆ ಬರಲು ಕಾರಣ ಪೇರಲ ಹಣ್ಣು.

ಮೊದಲೆಲ್ಲ ಸೆಮಿಸ್ಟರ್ ಕೊನೆಗೆ ಹುಡುಗರ ಕೈಗೆ ಒಂದು ಹಾಳೆ ಕೊಡುತ್ತಿದ್ದರು. ಪ್ರತಿ ಮಾಸ್ತರರ ಹೆಸರಿನ ಮುಂದೆ ಹತ್ತಕ್ಕೆ ಎಷ್ಟು ಎಂದು ಬರೆಯಬೇಕು. ಇತಿಹಾಸದ ಹೂಲಗೇರಿ ಸರ್ ಸರಿಯಾಗಿ ಆ ದಿನವೇ ತಮ್ಮ ತೋಟದ ಪೇರಲ ಹಣ್ಣನ್ನು ಬುಟ್ಟಿ ತುಂಬ ತಂದು, "ಮನಿಯಾಗ ಬಾಳ ಆಗಿದ್ವು, ತಿನ್ರಿ" ಎಂದು ಹಂಚುತ್ತಿದ್ದರು. ವರ್ಷಗಟ್ಟಲೆ ಅವರೇ ಮೊದಲು. ವಾಣಿಜ್ಯದವರೊಬ್ಬರು ಇಂಟರ್ನಲ್ ಅಂಕಗಳನ್ನು ಹಾಳೆ ತುಂಬುವ ಹಿಂದಿನ ದಿನವೇ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಅದರಲ್ಲಿ ಯಾರೊಬ್ಬರಿಗೂ ಕಡಿಮೆ ಇರುತ್ತಿರಲಿಲ್ಲ. ಗಂಡಸು ಜೋರು ದನಿ ಮಾಡಿದರೆ ಶಿಸ್ತಿನವನು ಎಂದು ಎಂಟು, ಹೆಂಗಸು ಅದೇ ದನಿ ಮಾಡಿದರೆ ಸಿಡುಕಿ ಎಂದು ನಾಲ್ಕು. ಇಸ್ತ್ರಿ ಅಂಗಿಗೆ ಒಂದು ಹೆಚ್ಚು. ಊಟದ ನಂತರದ ತಾಸಿಗೆ ಎರಡು ಕಡಿಮೆ. ಇವನ್ನೆಲ್ಲ ಕೂಡಿಸಿ ಭಾಗಿಸಿ, ಇದೇ ಬೋಧನೆಯ ಗುಣಮಟ್ಟ ಎಂದು ಬೆಂಗಳೂರಿಗೆ ಕಳಿಸುತ್ತಿದ್ದರು. ಯಾರಿಗೂ ನಾಚಿಕೆಯಾಗುತ್ತಿರಲಿಲ್ಲ.

ಆಮೇಲೆ ಯಂತ್ರ ಬಂತು. ಪ್ರತಿ ಡೆಸ್ಕಿನ ಅಂಚಿಗೆ, ಹುಡುಗರು ಕೈ ಊರುವ ಕಡೆ, ಒಂದು ಬಟ್ಟೆಯ ಪಟ್ಟಿ. ನೂಲಿನ ನಡುನಡುವೆ ಕೂದಲಿಗಿಂತ ತೆಳ್ಳಗಿನ ಲೋಹದ ಎಳೆ. ಅಂಗೈ ಬೆವರಿತೇ, ನಾಡಿ ಓಡಿತೇ, ಬೆರಳು ಚಡಪಡಿಸಿತೇ ಎಂಬುದನ್ನೆಲ್ಲ ಅದು ಹಿಡಿದು ತಂತಿಯ ಮೂಲಕ ಕಳಿಸುತ್ತದೆ. ಮೂರನ್ನೂ ಸೇರಿಸಿ ಕಂಪ್ಯೂಟರು ಒಂದು ಅಂಕ ಕಟ್ಟುತ್ತದೆ. ಅದಕ್ಕೆ ಕಂಪನಿಯವರು ಇಟ್ಟ ಹೆಸರು 'ಹಿತ'. ನೂರಕ್ಕೆ ಇಷ್ಟು. ಆ ತಾಸಿನಲ್ಲಿ ಪಾಠ ಮಾಡಿದವರ ಹೆಸರಿಗೆ ಅದು ಜಮಾ. ಹುಡುಗರ ಹೆಸರಿಲ್ಲ, ಹಾಳೆಯಿಲ್ಲ. ಹುಡುಗರು ಅದಕ್ಕೆ ಮೊದಲ ದಿನವೇ 'ತಕ್ಕಡಿ' ಎಂದು ಹೆಸರಿಟ್ಟರು.

ಅಂಗೈ ಸುಳ್ಳು ಹೇಳುವುದಿಲ್ಲ ಎಂದು ಕಂಪನಿಯವರು ಭಾಷಣ ಮಾಡಿದ್ದರು. ನಿಜ, ಹೇಳುವುದಿಲ್ಲ. ಆದರೆ ಅಂಗೈಗೆ ಫ್ಯಾನಿನ ಗಾಳಿಯೂ ತಿಳಿಯುತ್ತದೆ, ಹಸಿವೂ ತಿಳಿಯುತ್ತದೆ. ತಿಂಗಳೊಪ್ಪತ್ತಿನಲ್ಲಿ ಮಾಸ್ತರರು ಅದನ್ನೂ ಕಲಿತುಬಿಟ್ಟರು. ಫ್ಯಾನು ಚೆನ್ನಾಗಿ ತಿರುಗುವ ಕೋಣೆಗೆ ಜಗಳ ಶುರುವಾಯಿತು. ಪಾಠಕ್ಕಿಂತ ಜೋಕು ಹೆಚ್ಚಾಯಿತು. ಒಬ್ಬರಂತೂ ದಿನವೂ ತಾಸು ಮುಗಿಯುವ ಮೊದಲೇ ಬಿಟ್ಟು, ಆ ಬಿಡುಗಡೆಯ ಹಿತವನ್ನೂ ತಮ್ಮ ಖಾತೆಗೆ ಹಾಕಿಕೊಂಡರು.

ಇದಕ್ಕೆ ಮದ್ದು ಮಾಡಿದವಳು ಭೌತಶಾಸ್ತ್ರದ ದಾನಮ್ಮ ಬರಗುಂಡಿ. ತಕ್ಕಡಿಯ ಉಸ್ತುವಾರಿ ಅವಳದೇ. ಹಳೆಯ ರಸಾಯನ ಉಗ್ರಾಣದಲ್ಲಿ, ಇನ್ನೂ ಗಂಧಕದ ವಾಸನೆ ಹೋಗದ ಗೋಡೆಗಳ ನಡುವೆ ಕೂತು ಅವಳು ಒಂದು ಲೆಕ್ಕದ ಜರಡಿ ಕಟ್ಟಿದಳು. ಸೆಕೆಯಿಂದ ಎಷ್ಟು ಇಳಿಯಿತು, ನಗೆಯಿಂದ ಎಷ್ಟು ಏರಿತು, ಊಟದ ನಂತರ ಎಷ್ಟು, ಅಂಕ ಹಂಚಿದ ಮರುದಿನ ಎಷ್ಟು, ಹೆಂಗಸೆಂಬ ಕಾರಣಕ್ಕೆ ಎಷ್ಟು ಎಂದು ಅಳೆದು ಎಲ್ಲವನ್ನೂ ಕಳೆಯುವ ಜರಡಿ. ಕಳೆದು ಉಳಿದದ್ದೇ ಮಾಸ್ತರರ ಸ್ವಂತದ್ದು ಎಂದು ಅವಳು ಧೈರ್ಯವಾಗಿ ಹೇಳಿದಳು. ಜರಡಿ ಹಿಡಿದಾಗ ಹೂಲಗೇರಿ ಸರ್ ಮೊದಲ ಸ್ಥಾನದಿಂದ ತಳಕ್ಕೆ ಬಂದರು. ದಾನಮ್ಮ ಮೊದಲಾದಳು. ಅವಳ ಪಾಠ ಸುಲಿದಿಟ್ಟ ಬಾಳೆಹಣ್ಣಿನ ಹಾಗೆ ಎಂದು ಹುಡುಗರೇ ಹೇಳುತ್ತಿದ್ದರು.

ಎಲ್ಲರಿಗಿಂತ ಕೊನೆಗೆ, ಹೂಲಗೇರಿಯವರಿಗಿಂತಲೂ ಕೆಳಗೆ ಬಂದವನು ಗಣಿತದ ಮಹಾಲಿಂಗ ಬರಗುಂಡಿ. ದಾನಮ್ಮನ ಗಂಡ.

"ಒಂದ ಮನಿಯಾಗ ತಕ್ಕಡಿದು ಎರಡೂ ತಟ್ಟಿ ಅದಾವ ನೋಡ್ರಿ," ಎಂದು ಹೂಲಗೇರಿ ಸರ್ ಸ್ಟಾಫ್ ರೂಮಿನಲ್ಲಿ ಅಂದರು. ದಾನಮ್ಮ ಕೈಯಲ್ಲಿದ್ದ ಚಹಾದ ಕಪ್ಪನ್ನು ಅವರ ಮುಂದೆ ಕುಕ್ಕಿ ಎದ್ದು ಹೋದಳು.

ನಿಯಮ ಸರಳವಾಗಿತ್ತು. ಸತತ ಮೂರು ಸೆಮಿಸ್ಟರ್ ಕೊನೆಗೆ ಬಂದವರಿಗೆ ಮುಂದಿನ ನೇಮಕವಿಲ್ಲ. ಮಹಾಲಿಂಗ ಎರಡು ಸಲ ಬಂದಾಗಿತ್ತು. ಮೂರನೆಯದು ಮುಗಿಯಲು ಒಂದು ತಿಂಗಳು ಬಾಕಿ ಇದ್ದಾಗ ಮಂಡಳಿಯ ಕಾರ್ಯದರ್ಶಿ ತೊಗರಿಯವರು ಉಗ್ರಾಣಕ್ಕೆ ಬಂದರು. ಪೇಟೆಯಲ್ಲಿ ಕುಪ್ಪಸದ ಖಣದ ಅಂಗಡಿ ಇಟ್ಟುಕೊಂಡ ಮನುಷ್ಯ. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡುವ ಹಾಗೆಯೇ ಮನುಷ್ಯರನ್ನೂ ನೋಡುತ್ತಿದ್ದರು.

"ಮೇಡಂ, ನಿಮ್ಮ ಮನಿಯವರದು ಈಗ ಎಷ್ಟೈತ್ರಿ?"

"ಮೂವತ್ತೊಂದು."

"ಜರಡಿ ಹಿಡದ ಮ್ಯಾಲೆ?"

"ಹಿಡದ ಮ್ಯಾಲೇನ್ರಿ. ಹಿಡೀದಿದ್ರ ಇನ್ನೂ ಕಡಿಮಿ."

ತೊಗರಿ ಒಂದು ಸಲ ಕೆಮ್ಮಿದರು. "ನಿಮ್ಮವರು ಅಂತ ನಾ ಬಿಟ್ರ ನಾಳೆ ಊರಾಗ ನನ್ನ ಬಿಡಂಗಿಲ್ಲ. ಕಡೀ ರಿಪೋರ್ಟಿಗೆ ಸಹಿ ನೀವ ಹಾಕಬೇಕಾಗ್ತೈತಿ. ಆಗೂದಿಲ್ಲ ಅಂದ್ರ ಈಗ ಹೇಳ್ರಿ, ಬ್ಯಾರೇದವ್ರನ್ನ ಕುಂದರಸ್ತೀನಿ."

"ಯಾಕ ಆಗೂದಿಲ್ಲ? ನಾ ಏನ್ ಲೆಕ್ಕಾ ತಿದ್ದಾಕಿ ಅಂತ ತಿಳ್ಕೊಂಡೀರೇನು?"

"ಹಂಗಲ್ರಿ ಮೇಡಂ…"

"ಹಂಗಿಲ್ಲಂದ್ರ ಹೋಗ್ರಿ. ಕೆಲಸ ಐತಿ ನನಗ."

ಅವರು ಹೋದ ಮೇಲೆ ಅವಳಿಗೆ ಕೆಲಸವೇನೂ ಇರಲಿಲ್ಲ. ಸುಮ್ಮನೆ ಪರದೆಯನ್ನು ನೋಡುತ್ತ ಕೂತಳು. ಮೂವತ್ತೊಂದು ಹಾಗೇ ಇತ್ತು.

ಮನೆಯಲ್ಲಿ ಅತ್ತೆ ಗೌರವ್ವ ರಾಟೆಯ ಮುಂದೆ ಕೂತು ಪಕ್ಕದ ಮನೆಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮಹಾಲಿಂಗ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ದಾನಮ್ಮ ರೊಟ್ಟಿ ಬಡಿಯುವ ಸದ್ದು ಅವತ್ತು ಓಣಿಯ ಮಗ್ಗಗಳ ಸದ್ದನ್ನೂ ಮೀರಿಸಿತ್ತು.

"ಈ ಸಲಾನೂ ನೀವ ಕಡೀಗೆ."

"ಹೌದಾ?"

"ಹೌದಾ ಅಂದ್ರ? ಮೂರನೇ ಸಲರೀ ಇದು. ಕೆಲಸ ಹೋಗ್ತೈತಿ. ಸಹಿ ಮಾಡಾಕಿ ನಾನು."

"ಮತ್ತ ಮಾಡು. ಸುಳ್ಳೇನು ಬರದಿಲ್ಲಲ್ಲ ನೀ." ಅವನು ಉಳ್ಳಾಗಡ್ಡಿಯಿಂದ ಕಣ್ಣೆತ್ತಲಿಲ್ಲ. "ತಕ್ಕಡೀಗೆ ನನ್ನ ಮ್ಯಾಲೇನು ಸಿಟ್ಟೈತಿ? ಹುಡುಗ್ರಿಗೆ ನನ್ನ ತಾಸಿನ್ಯಾಗ ಬೆವರು ಬರತೈತಿ, ಅದು ಖರೇನ ಐತಿ."

"ಕೆಲಸ ಹೋದ್ರ ಹೋಗ್ಲಿ ಬಿಡಬೇ," ಎಂದಳು ಗೌರವ್ವ ರಾಟೆ ನಿಲ್ಲಿಸದೆ. "ಮಗ್ಗ ಐತಿ, ಕುಂದರಲಿ. ಇವರಪ್ಪ ಕುಂತಿರಲಿಲ್ಲೇನು?"

"ನಾ ನೇಯ್ದ ಖಣಾ ಯಾರೂ ತೊಡಂಗಿಲ್ಲವ್ವ," ಎಂದು ಮಹಾಲಿಂಗ ನಕ್ಕ. "ಒಂದೊಂದು ಎಳಿ ತಪ್ಪಸ್ತೀನಿ ನಾ."

ದಾನಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು. ತಪ್ಪಿಸುತ್ತಾನೆ. ಅದು ಅವಳಿಗೆ ಗೊತ್ತಿತ್ತು, ಮತ್ತು ಗೊತ್ತಿದೆ ಎಂದು ಅವಳು ಯಾವತ್ತೂ ತೋರಿಸಿಕೊಂಡಿರಲಿಲ್ಲ.

ಬಿ.ಎಸ್ಸಿ. ಎರಡನೆಯ ವರ್ಷಕ್ಕೆ ಗಣಿತದ ತಾಸು ಮುಗಿದ ಕೂಡಲೇ ಭೌತಶಾಸ್ತ್ರ. ಅವನು ಹೊರಗೆ ಹೋದರೆ ಇವಳು ಒಳಗೆ. ಕರಿಹಲಗೆಯ ಮೇಲೆ ಅವನು ಬಿಟ್ಟುಹೋದ ಕೊನೆಯ ಲೆಕ್ಕ ಇನ್ನೂ ಇರುತ್ತಿತ್ತು. ಅದರಲ್ಲಿ ದಿನವೂ ಒಂದು ತಪ್ಪು. ಒಂದು ದಿನ ಧನ ಚಿಹ್ನೆಯ ಜಾಗದಲ್ಲಿ ಋಣ, ಇನ್ನೊಂದು ದಿನ ಸೊನ್ನೆಯಿಂದ ಭಾಗಿಸಿದ್ದು. ಮೊದಲ ಸಲ ನೋಡಿದಾಗ ಅವಳ ಮುಖ ಬಿಸಿಯಾಗಿತ್ತು. ಚಿನ್ನದ ಪದಕ ಪಡೆದ ಮನುಷ್ಯ, ಇಷ್ಟು ಅಲಕ್ಷ್ಯವೇ? ಹುಡುಗರು ಕಂಡುಹಿಡಿದರೆ ನಗುವುದಿಲ್ಲವೇ? ಅಂದಿನಿಂದ ಅವಳು ತರಗತಿಗೆ ಕಾಲಿಟ್ಟ ತಕ್ಷಣ ಮಾಡುವ ಮೊದಲ ಕೆಲಸ ಡಸ್ಟರ್ ಹಿಡಿದು ಹಲಗೆಯನ್ನು ಮೂಲೆಯಿಂದ ಮೂಲೆಗೆ ಒರೆಸುವುದು. ಮನೆಯಲ್ಲಿ ಒಂದು ಮಾತೂ ಎತ್ತಿರಲಿಲ್ಲ. ಬೇರೆ ಎಲ್ಲದಕ್ಕೂ ಜಗಳ ತೆಗೆಯುವ ಹೆಂಗಸು ಇದೊಂದನ್ನು ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಗಂಡನ ಮಾನವಲ್ಲವೇ?

ಮರುದಿನ ಉಗ್ರಾಣದಲ್ಲಿ ಅವಳು ಗಂಡನ ಅಂಕದ ಒಳಹೊಕ್ಕು ನೋಡತೊಡಗಿದಳು. ಉಳಿಸುವ ಆಸೆಯಿಂದ ಅಲ್ಲ. ಎಲ್ಲಿ ಸೋಲುತ್ತಿದ್ದಾನೆ ಎಂದು ತಿಳಿದರೆ ಬೈಯಲಾದರೂ ಅನುಕೂಲ. ಒಟ್ಟು ಅಂಕವನ್ನು ಬಿಟ್ಟು, ಒಂದೊಂದು ಡೆಸ್ಕಿನಿಂದ ಬರುವ ಗೆರೆಯನ್ನು ಬೇರೆ ಬೇರೆಯಾಗಿ ಪರದೆಗೆ ತಂದಳು. ಅವನ ತಾಸಿನಲ್ಲಿ ಎಲ್ಲ ಗೆರೆಗಳೂ ತಳದಲ್ಲಿ ನಡುಗುತ್ತಿದ್ದವು. ಬೆವರು, ಚಡಪಡಿಕೆ. ಅದರಲ್ಲಿ ಹೊಸದೇನಿಲ್ಲ. ಗೆರೆಗಳನ್ನು ಹಾಗೇ ಮುಂದಕ್ಕೆ ಸರಿಸಿದಾಗ ತನ್ನದೇ ತಾಸು ಕಣ್ಣಿಗೆ ಬಿತ್ತು.

ಜೋಕು ಹೇಳುವವರ ತಾಸಿನಲ್ಲಿ ಎಲ್ಲ ಡೆಸ್ಕುಗಳ ಗೆರೆ ಒಟ್ಟಿಗೇ ನೆಗೆಯುತ್ತದೆ, ಒಟ್ಟಿಗೇ ಬೀಳುತ್ತದೆ. ಬೇಗ ಬಿಡುವವರ ತಾಸಿನಲ್ಲಿಯೂ ಅಷ್ಟೇ. ತನ್ನ ತಾಸಿನಲ್ಲಿ ಹಾಗಿರಲಿಲ್ಲ. ಮೊದಲು ಕಿಟಕಿ ಪಕ್ಕದ ಒಂದು ಡೆಸ್ಕು ಥಟ್ಟನೆ ಮೇಲೇರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸಾಲಿನದು. ಆಮೇಲೆ ನಡುವಿನದು, ಅದರ ಪಕ್ಕದ್ದು. ಯಾರೋ ಒಂದು ದೀಪದಿಂದ ಇನ್ನೊಂದು ದೀಪ ಹಚ್ಚುತ್ತ ಹೋದ ಹಾಗೆ. ಅವಳು ಆ ಹೊತ್ತಿಗೆ ಏನು ಹೇಳುತ್ತಿದ್ದಳು ಎಂಬುದಕ್ಕೂ ಆ ನೆಗೆತಕ್ಕೂ ತಾಳೆಯೇ ಇಲ್ಲ. ಪಾಠ ಅರ್ಥವಾದ ಸಂತೋಷವಾಗಿದ್ದರೆ, ಅರ್ಥ ಮಾಡಿಸಿದ ಹೊತ್ತಿಗೇ ಏರಬೇಕಿತ್ತಲ್ಲ?

ಎರಡು ವಾರದ ಹಿಂದೆ ಮಹಾಲಿಂಗ ಪರೀಕ್ಷೆಯ ಕೆಲಸಕ್ಕೆಂದು ಬಾಗಲಕೋಟೆಗೆ ಹೋಗಿದ್ದ. ಆ ದಿನಗಳ ಗೆರೆಗಳನ್ನು ತೆಗೆದಳು. ದೀಪಗಳಿಲ್ಲ. ಅವಳದೇ ಪಾಠ, ಅವಳದೇ ಹುಡುಗರು, ಗೆರೆಗಳು ಮಾತ್ರ ಚಪ್ಪಟೆ. ಎಂಬತ್ತನಾಲ್ಕಿದ್ದ ಅವಳ ಅಂಕ ಆ ದಿನಗಳಲ್ಲಿ ಐವತ್ತರ ಆಸುಪಾಸು.

ಅವಳು ಜರಡಿಗೆ ಇನ್ನೊಂದು ಸಾಲು ಸೇರಿಸಿದಳು: 'ಹಿಂದಿನ ತಾಸು ಯಾರದು' ಎಂಬುದರ ಪ್ರಭಾವವನ್ನು ಕಳೆಯುವುದು. ಗುಂಡಿ ಒತ್ತಿದಳು. ಕಾಲೇಜಿನ ಮೊದಲ ಸ್ಥಾನದ ದಾನಮ್ಮ ಬರಗುಂಡಿ ನಡುವಿಗೆ ಜಾರಿಬಿದ್ದಳು. ಅವಳ ಜರಡಿ ಅವಳನ್ನೇ ಸೋಸಿ ಕೆಳಗೆ ಹಾಕಿತು.

ಪರದೆ ಆರಿಸಿ ಹೊರಗೆ ಬಂದಳು. ಇದನ್ನು ನೋಡಿದವಳು ತಾನೊಬ್ಬಳೇ. ಮರೆತರೆ ಮುಗಿಯಿತು. ಬೇವಿನ ಗಿಡದ ಕೆಳಗೆ ನಿಂತು, ಗಂಡನ ಮೇಲೆ, ತಕ್ಕಡಿಯ ಮೇಲೆ, ಕಂಪನಿಯ ಮೇಲೆ ಮನಸ್ಸಿನಲ್ಲೇ ಒಂದಿಷ್ಟು ರೇಗಿದಳು. ಆದರೆ ದೀಪದಿಂದ ದೀಪ ಹತ್ತಿದ ಆ ಗೆರೆಗಳು ಕಣ್ಣ ಮುಂದಿನಿಂದ ಹೋಗಲಿಲ್ಲ. ಅದೇನದು? ಕಲ್ಲಿನ ಮೇಲೆ ಕೂತೆದ್ದವರಿಗೆ ಚಾಪೆಯೂ ಮೆತ್ತಗೆ ಅನ್ನಿಸುತ್ತದೆ, ಅಷ್ಟೇ ಇರಬಹುದೇ? ಹಾಗಿದ್ದರೆ ತಾಸಿನ ಮೊದಲಿಗೇ ಎಲ್ಲರಿಗೂ ಒಟ್ಟಿಗೇ ಹಿತವಾಗಬೇಕಿತ್ತು, ಬರಬರುತ್ತ ಇಳಿಯಬೇಕಿತ್ತು. ಇದು ಒಬ್ಬೊಬ್ಬರಿಗೇ, ತಡವಾಗಿ ಬರುತ್ತಿದೆ. ಅವಳು ಮತ್ತೆ ಒಳಗೆ ಹೋಗಿ ಪರದೆ ಹಚ್ಚಿದಳು.

ಪರೀಕ್ಷಿಸುವ ದಾರಿ ಒಂದೇ ಇತ್ತು. ಅವನ ತಾಸಿನ ನಂತರ ಅಲ್ಲಿ ತಾನಿರಬಾರದು, ಬೇರೆ ಯಾರೂ ಇರಬಾರದು. ಆಗ ತಕ್ಕಡಿ ಏನು ತೂಗುತ್ತದೆ?

ಮರುದಿನ ಪ್ರಿನ್ಸಿಪಾಲರಿಗೆ ಅರ್ಧ ದಿನದ ರಜೆ ಹೇಳಿ, "ನನ್ನ ತಾಸಿಗೆ ಯಾರನ್ನೂ ಕಳಸಬ್ಯಾಡ್ರಿ" ಎಂದು ತಾಕೀತು ಮಾಡಿ ಉಗ್ರಾಣದ ಬಾಗಿಲು ಹಾಕಿಕೊಂಡಳು. ಬೋಧಕರ ಹೆಸರಿನ ಜಾಗವನ್ನು ಖಾಲಿ ಬಿಟ್ಟರೆ ತಕ್ಕಡಿ ಒಪ್ಪಲಿಲ್ಲ, ಕೆಂಪಗೆ ಮಿನುಗಿತು. ಸಿಟ್ಟಿನಿಂದ 'ಖಾಲಿ ಕುರ್ಚಿ' ಎಂದು ಹೊಡೆದಳು. ಒಪ್ಪಿತು.

ರೈಲು ಹಳಿಯ ತುಂಡಿನ ಗಂಟೆ ಬಡಿಯಿತು. ಮಹಾಲಿಂಗ ಹೊರಗೆ ಹೋದದ್ದು ಪರದೆಯಲ್ಲಿ ಕಾಣುವುದಿಲ್ಲ. ಕಂಡದ್ದು ಇಷ್ಟು: ಒಂದೆರಡು ಡೆಸ್ಕುಗಳ ಗೆರೆ ನಿಂತುಹೋಯಿತು. ಮೇಡಂ ಬಂದಿಲ್ಲ ಎಂದು ತಿಳಿದು ಕೆಲವರು ಕ್ಯಾಂಟೀನಿಗೆ ಹೊರಟರು. ಅವಳು ತುಟಿ ಕಚ್ಚಿಕೊಂಡಳು. ಎಲ್ಲರೂ ಎದ್ದು ಹೋದರೆ ಪರೀಕ್ಷೆಯೇ ಇಲ್ಲ.

ಆದರೆ ಉಳಿದವರು ಏಳಲಿಲ್ಲ. ಗೆರೆಗಳು ತಳದಲ್ಲೇ ಚಡಪಡಿಸುತ್ತಿದ್ದವು. ಕಿಟಕಿ ಪಕ್ಕದ ಡೆಸ್ಕು ನೆಗೆಯಿತು, ಮತ್ತೆ ಬಿತ್ತು. ಹಿಂದಿನ ಸಾಲು ನೆಗೆಯಿತು. ಅದೂ ಬಿತ್ತು. ಹೋದವರಲ್ಲಿ ಕೆಲವರು ಮರಳಿದರೆಂದು ಕಾಣುತ್ತದೆ, ನಿಂತ ಗೆರೆಗಳು ಮತ್ತೆ ಹರಿದವು. ಆಮೇಲೆ ಒಂದು ಕ್ಷಣದಲ್ಲಿ, ಇಡೀ ತರಗತಿ ಮೇಲಕ್ಕೆ ಹೋಯಿತು. ಜೋಕಿಗೆ ನೆಗೆದು ಬೀಳುವ ಹಾಗಲ್ಲ. ಹೋಗಿ ಅಲ್ಲೇ ನಿಂತಿತು.

ಖಾಲಿ ಕುರ್ಚಿ: ತೊಂಬತ್ತೊಂದು.

ತಕ್ಕಡಿ ಬಂದಂದಿನಿಂದ ಯಾವ ಮಾಸ್ತರರಿಗೂ ಅಷ್ಟು ಬಂದಿರಲಿಲ್ಲ. ದಾನಮ್ಮ ಚಪ್ಪಲಿ ಮೆಟ್ಟುವುದನ್ನೂ ಮರೆತು ಬರಿಗಾಲಲ್ಲಿ ವರಾಂಡದಲ್ಲಿ ನಡೆದಳು. ಕಿಟಕಿಯ ಬಳಿ ಬರುವ ಮೊದಲೇ ಗದ್ದಲ ಕೇಳಿಸಿತು.

"ಕಳ್ಳ ಐದನೇ ಸಾಲಿನ್ಯಾಗ ಇಲ್ಲಲೇ! ಎಷ್ಟ ಸಲ ಹೇಳೂದು?" ಎಂದು ಕೂಗುತ್ತಿದ್ದವಳು ರೇಷ್ಮಾ ಕಲಾದಗಿ. ಸುಣ್ಣದ ಕಡ್ಡಿ ಹಿಡಿದು ಕರಿಹಲಗೆಯ ಮುಂದೆ ನಿಂತಿದ್ದಳು. ಹಲಗೆಯ ಮೇಲೆ ಮಹಾಲಿಂಗನ ಲೆಕ್ಕ. ನೀರಿನ ಟ್ಯಾಂಕು ಬರಿದಾಗುವ ಹೊತ್ತನ್ನು ಕಂಡುಹಿಡಿಯುವುದು. ಕೊನೆಯ ಸಾಲಿನ ಉತ್ತರದ ಪ್ರಕಾರ ನಲ್ಲಿ ತಿರುಗಿಸುವ ಮೊದಲೇ ಟ್ಯಾಂಕು ಖಾಲಿಯಾಗಿರಬೇಕಿತ್ತು.

"ಐದರಾಗ ಇಲ್ಲಂದ್ರ ಉತ್ತರ ಹೆಂಗ ಉಲ್ಟಾ ಬಂತು ಹಂಗಾದ್ರ?" ಎಂದು ಡೆಸ್ಕಿನ ಮೇಲೆ ಗುದ್ದಿದವನು ಸಿದ್ದು ಚಿಲ್ಲಾಳ. ಹಿಂದಿನ ಬೆಂಚಿನವನು. ದಾನಮ್ಮನ ತಾಸಿನಲ್ಲಿ ಅವನ ದನಿ ಅವಳು ಒಂದು ದಿನವೂ ಕೇಳಿರಲಿಲ್ಲ.

"ಅವ ಮೂರನೇದ್ರಾಗ ಹೊಕ್ಕಾನ. ಐದನೇದ್ರಾಗ ಹೊರಗ ಬಂದಾನ. ಇಲ್ನೋಡು, ವರ್ಗಮೂಲ ತಗದಾಗ ಋಣ ಚಿಹ್ನೆ ಎಲ್ಲಿ ಹೋತು? ಯಾರು ನುಂಗಿದ್ರು?"

ಎಲ್ಲರೂ ಮೂರನೆಯ ಸಾಲಿನತ್ತ ಬಗ್ಗಿದರು. ಆಮೇಲೆ ಸಿದ್ದು ಎರಡೂ ಕೈಯಿಂದ ಡೆಸ್ಕು ಬಡಿದ. "ಸಿಕ್ಕಲೇ ಮಗನ! ಸಿಕ್ಕ!"

ದಾನಮ್ಮ ಬಾಗಿಲಿಗೆ ಬಂದಳು. ಗದ್ದಲ ಕತ್ತರಿಸಿದ ಹಾಗೆ ನಿಂತಿತು. ರೇಷ್ಮಾ ಸುಣ್ಣದ ಕಡ್ಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಕಳ್ಳ ಯಾರು?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೇಳಾಕತ್ತೀನಲ್ಲ. ಯಾರಂವ ಕಳ್ಳ?"

"ನಿಮಗ ಗೊತ್ತಿಲ್ಲೇನ್ರಿ ಮೇಡಂ?" ಎಂದಳು ರೇಷ್ಮಾ, ನಿಜಕ್ಕೂ ಬೆರಗಾಗಿ. "ಸರ್ ದಿನಾ ಕಡೀ ಲೆಕ್ಕದಾಗ ಒಂದು ತಪ್ಪು ಅಡಗಿಸಿಟ್ಟು, 'ಇದರಾಗ ಕಳ್ಳ ಅದಾನ, ನಾಳೆ ಹಿಡದ ಕೊಡ್ರಿ' ಅಂತ ಹೇಳಿ ಹೋಗ್ತಾರ್ರಿ. ನಿಮ್ಮ ಮನಿಯವರ ಅಲ್ರಿ? ನಿಮಗ ಹೇಳಿರ್ತಾರ ಅಂತ ತಿಳ್ಕೊಂಡಿದ್ವಿ."

"ನೀವು ಬಂದ ಕೂಡ್ಲೆ ಅಳಸಿಬಿಡ್ತೀರಲ್ರಿ," ಎಂದ ಸಿದ್ದು. "ಅದಕ್ಕ ಲಗೂ ಲಗೂ ಬರ್ಕೊಂಡು, ನಿಮ್ಮ ತಾಸಿನ್ಯಾಗ ಪುಸ್ತಕದ ಕೆಳಗ ಇಟ್ಕೊಂಡು ಒಬ್ಬೊಬ್ಬರ…" ಪಕ್ಕದವನು ಅವನ ಪಕ್ಕೆಗೆ ತಿವಿದ. ತಿವಿಸಿಕೊಂಡ ಸಿದ್ದು ಸರಿಪಡಿಸಲು ಹೋಗಿ ಇನ್ನೂ ಕೆಡಿಸಿದ. "ಹಂಗಂತ ನಿಮ್ಮ ಪಾಠ ಕೇಳಂಗಿಲ್ಲ ಅಂತಲ್ರಿ ಮೇಡಂ. ನಿಮ್ಮದು ಬಾಳ ಅರಾಮ ತಿಳೀತೈತ್ರಿ. ಅರ್ಧ ಕಿವಿ ಸಾಕಾಗ್ತೈತಿ."

ಅರ್ಧ ಕಿವಿ. ದೀಪದಿಂದ ದೀಪ ಹತ್ತಿದ್ದು ಏಕೆಂದು ಅವಳಿಗೆ ಅರ್ಥವಾಯಿತು. ಒಂದೊಂದು ಡೆಸ್ಕಿನ ಅಡಿಯಲ್ಲಿ ಒಂದೊಂದು ಹೊತ್ತಿಗೆ ಕಳ್ಳ ಸಿಗುತ್ತಿದ್ದ. ಆ ಸಂತೋಷವನ್ನು ಅಂಗೈ ಪಟ್ಟಿಗೆ ಹೇಳುತ್ತಿತ್ತು, ಪಟ್ಟಿ ತಕ್ಕಡಿಗೆ ಹೇಳುತ್ತಿತ್ತು, ತಕ್ಕಡಿ ದಾನಮ್ಮ ಬರಗುಂಡಿಯ ಹೆಸರಿಗೆ ಬರೆಯುತ್ತಿತ್ತು. ಬೆವರು ಅವನ ಖಾತೆಗೆ, ಫಲ ಇವಳ ಖಾತೆಗೆ.

ಮನೆಗೆ ಬಂದವಳು ಚೀಲವನ್ನು ನೆಲಕ್ಕೆ ಒಗೆದಳು.

"ಇಷ್ಟು ವರ್ಷದಿಂದ ನೀವು ಬೇಕಂತಲೇ ತಪ್ಪು ಬರೀತಿದ್ರಿ?"

ಮಹಾಲಿಂಗ ಪತ್ರಿಕೆ ಮಡಚಿಟ್ಟ. "ಮತ್ತ? ಗೊತ್ತಿಲ್ದ ತಪ್ಪು ಬರಿಯಾಕ ನಾ ಏನ್ ದಡ್ಡನೇನು?"

"ಅಲ್ರೀ, ನಾ ದಿನಾ ಅಳಸ್ತಿದ್ದೆ! ನಿಮಗ ಲೆಕ್ಕಾ ಬರಂಗಿಲ್ಲ, ಹುಡುಗ್ರು ನಗ್ತಾರ, ಮಾನ ಹೋಗ್ತೈತಿ ಅಂತ ನಾ ಅಳಸ್ತಿದ್ದೆ!"

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಅವನ ಭುಜ ಅಲುಗತೊಡಗಿತು. ಸದ್ದಿಲ್ಲದೆ ನಗುವುದು ಅವನ ರೂಢಿ. "ನಾ ತಿಳ್ಕೊಂಡಿದ್ದೆ, ನಿನಗ ಹಲಗಿ ಹೊಲಸಿದ್ರ ಆಗಿ ಬರಂಗಿಲ್ಲ ಅಂತ. ಮನಿಯಾಗ ಪರಾತ ತಿಕ್ಕಿದಂಗ ಅಲ್ಲೂ ತಿಕ್ಕತಾಳ ಅಂತ."

"ಒಂದು ಮಾತು ಹೇಳಾಕ ಬಾಯಿಲ್ಲೇನು ನಿಮಗ?"

"ನಿನಗ? ತಪ್ಪು ಕಂಡಾಗ ಕೇಳಾಕ ಬಾಯಿ ಇರಲಿಲ್ಲೇನು? ಚಪಾತಿ ಸುಟ್ರ ಊರಿಗೆ ಕೇಳೂವಂಗ ಒದರ್ತೀ."

ದಾನಮ್ಮ ಒಗೆದ ಚೀಲವನ್ನು ಎತ್ತಿ ಮೊಳೆಗೆ ಹಾಕಿದಳು. ಒಳಗಿನಿಂದ ಗೌರವ್ವ ಕೂಗಿದಳು: "ಇಬ್ಬರೂ ಬಾಯಿ ಮುಚ್ಚಿಕೊಂಡು ಕುಂತಿದ್ದಕ್ಕ ಹಿಂಗಾಗೇತಿ. ಈಗ ತಗದಿರಲ್ಲ, ಪುಣ್ಯ ಬಂತು. ರಾಟಿ ಸಪ್ಪಳ ಕೇಳಸವಲ್ದು ನನಗ."

ಮಹಾಲಿಂಗ ಮುಂದಕ್ಕೆ ಬಾಗಿ ಕೇಳಿದ. "ಯಾವುದು ಇವತ್ತಿಂದು? ಟ್ಯಾಂಕಿಂದಾ? ಹಿಡದ್ರಾ?"

"ಹಿಡದ್ರು. ರೇಷ್ಮಾ ಹಿಡದ್ಲು. ಮೂರನೇ ಸಾಲು."

"ಭಲೆ," ಎಂದ ಅವನು. ಕೆಲಸ ಹೋಗುವ ಮಾತು ಎತ್ತಿದಾಗ ಬದಲಾಗದ ಮುಖ ಈಗ ಬದಲಾಗಿತ್ತು. "ಅಂವ ಬಾಳ ಬೆರಕಿ ಕಳ್ಳ ಇದ್ದ."

ವಾರದ ಪಟ್ಟಿ ತೊಗರಿಯವರ ಮೇಜಿಗೆ ಹೋದ ದಿನವೇ ಅವರು ಓಡಿಬಂದರು. "ಮೇಡಂ, ಈ 'ಖಾಲಿ ಕುರ್ಚಿ' ಯಾರ್ರೀ? ಹೊಸದಾಗಿ ತೊಗೊಂಡೇವೇನು? ಮೊದಲನೇ ನಂಬರ್ ಬಂದಾರ!"

ದಾನಮ್ಮ ನಡೆದದ್ದನ್ನೆಲ್ಲ ಹೇಳಿದಳು. ತನ್ನ ಎಂಬತ್ತನಾಲ್ಕರ ಕಥೆಯನ್ನೂ ಮುಚ್ಚಿಡಲಿಲ್ಲ. ತೊಗರಿ ಕಿವಿಗೊಟ್ಟು ಕೇಳಿ, ಗಲ್ಲ ಕೆರೆದುಕೊಂಡು, "ಹಂಗಾದ್ರ ಎಲ್ಲಾ ಕ್ಲಾಸಿಗೂ ಕುರ್ಚಿನ ಇಟ್ರ ಹೆಂಗ್ರಿ? ಪಗಾರಾದ್ರೂ ಉಳೀತೈತಿ" ಎಂದರು.

"ಇಟ್ಟು ನೋಡ್ರಿ. ಹೂಲಗೇರಿ ಸರ್ ತಾಸು ಮುಗದ ಮ್ಯಾಲೆ ಇಡ್ರಿ. ಹುಡುಗ್ರು ಕ್ಯಾಂಟೀನಿನ್ಯಾಗ ಸಿಗ್ತಾರ. ಕುರ್ಚಿ ಅಲ್ರೀ ಪಾಠ ಮಾಡಿದ್ದು, ಅದರ ಮೊದಲಿನ ಮನಶ್ಯಾ ಮಾಡ್ಯಾನ."

"ತಿಳೀತ್ರಿ. ಆದ್ರ ರೂಲು ರೂಲ. ಅಂಕ ಯಾರ ಹೆಸರಿನ ಮುಂದ ಐತಿ, ಅದು ಅವರದು. ರೂಲು ಬದಲಿ ಮಾಡಬೇಕಂದ್ರ ಮಂಡಳಿ ಕೂಡಬೇಕು, ಅವರು ಕೂಡೂದು ಮುಂದಿನ ವರ್ಷ. ಅಷ್ಟರಾಗ ನಿಮ್ಮವರ ನೇಮಕ ಹೋಗಿರ್ತೈತಿ."

"ರೂಲು ಮುಟ್ಟಬ್ಯಾಡ್ರಿ. ವೇಳಾಪಟ್ಟಿ ಮುಟ್ಟೂನು. ಅವರ ತಾಸು ಮುಗದ ಮ್ಯಾಲಿನ ನನ್ನ ತಾಸು ಅವರ ಹೆಸರಿಗೇ ಹಾಕ್ರಿ."

ತೊಗರಿಯವರ ಕಣ್ಣು ಸಣ್ಣದಾಯಿತು. "ಎರಡು ತಾಸು. ಒಂದ ಪಗಾರ?"

"ಒಂದ ಪಗಾರ. ಎರಡನೇ ತಾಸಿನ್ಯಾಗ ಅವರು ವರಾಂಡದಾಗ ಕುಂದರ್ತಾರ. ಒಳಗ ಹೋಗಂಗಿಲ್ಲ."

"ಮತ್ತ ನೀವು?"

"ನನಗ ಊಟದ ಮ್ಯಾಲಿನ ತಾಸು ಕೊಡ್ರಿ. ತಗಡಿನ ಶೆಡ್ಡು."

ಆ ಶೆಡ್ಡಿಗೆ ಯಾರೂ ತಾವಾಗಿ ಹೋದವರಿರಲಿಲ್ಲ. ಅಲ್ಲಿನ ಸೆಕೆಯನ್ನು ಅವಳ ಜರಡಿಯೂ ಪೂರ್ತಿ ಕಳೆಯಲಾರದು. ತೊಗರಿ ಅವಳನ್ನು ಖಣ ತಿಕ್ಕಿ ನೋಡುವ ಹಾಗೆ ಒಂದು ಸಲ ನೋಡಿದರು. "ಮೊದಲನೇ ಸ್ಥಾನ ಹೋಗ್ತೈತ್ರಿ ಮೇಡಂ."

"ಅದು ನಂದಾಗಿದ್ರ ಹೋಗ್ತಿತ್ತು," ಎಂದಳು ದಾನಮ್ಮ.

ಸೆಮಿಸ್ಟರ್ ಮುಗಿದಾಗ, ಹೊಸ ವೇಳಾಪಟ್ಟಿಯ ಲೆಕ್ಕದಲ್ಲಿ ಮಹಾಲಿಂಗನ ಎರಡು ತಾಸುಗಳ ಸರಾಸರಿ ಅರವತ್ತನ್ನು ದಾಟಿತ್ತು. ಆ ಸಲದ ರಿಪೋರ್ಟಿಗೆ ದಾನಮ್ಮ ಸಹಿ ಹಾಕಿದಳು. ಕೊನೆಯ ಸ್ಥಾನದಲ್ಲಿ ಮೊದಲ ಸಲ ಹೂಲಗೇರಿ ಸರ್ ಹೆಸರು ಬಂತು. ಅವರು ಒಂದು ವಾರ ಯಾರೊಡನೆಯೂ ಮಾತಾಡಲಿಲ್ಲ. ದಾನಮ್ಮನದು ನಲವತ್ತೆಂಟು. ಆ ಅಂಕವನ್ನು ಅವಳು ಬಹಳ ಹೊತ್ತು ನೋಡಿದಳು. ನೋವಾಯಿತು. ಹೊಸ ಊರಿಗೆ ಬಂದಿಳಿದವರ ಹಾಗೆ ಸ್ವಲ್ಪ ಕುತೂಹಲವೂ ಆಯಿತು.

ಹೊಸ ಸೆಮಿಸ್ಟರಿನ ಎರಡನೆಯ ವಾರ, ತಗಡಿನ ಶೆಡ್ಡಿನಲ್ಲಿ ಅವಳು ಮೊದಲ ವರ್ಷದವರಿಗೆ ಮಸೂರಗಳ ಪಾಠ ಮಾಡುತ್ತಿದ್ದಳು. ಮೇಲೆ ತಗಡು ಸಿಡಿಯುತ್ತಿತ್ತು. ಹುಡುಗರ ಕಣ್ಣುಗಳು ಎಳೆಯುತ್ತಿದ್ದವು. ಪಾಠ ಎಂದಿನಂತೆ ಸುಲಿದ ಬಾಳೆಹಣ್ಣು. ಅರ್ಧ ಕಿವಿಗೆ ಸಾಕು.

ಕೊನೆಯ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸತೊಡಗಿದಳು. ನಾಲ್ಕನೆಯ ಸಾಲಿಗೆ ಬಂದಾಗ ಕೈ ನಿಂತಿತು. ಇಲ್ಲಿ ಋಣ ಚಿಹ್ನೆ ಬರಬೇಕು. ಬರೆಯದೆ ಮುಂದಕ್ಕೆ ಹೋದಳು. ಇಡೀ ಆಯುಷ್ಯದಲ್ಲಿ ಗೊತ್ತಿದ್ದೂ ತಪ್ಪು ಬರೆದದ್ದು ಅದೇ ಮೊದಲು. ಕೈ ತಾನಾಗಿ ಡಸ್ಟರಿನ ಕಡೆಗೆ ಹೋಯಿತು. ಅದನ್ನು ಎತ್ತಿ, ಒಂದು ಗಳಿಗೆ ಹಿಡಿದುಕೊಂಡು, ತನ್ನ ಚೀಲಕ್ಕೆ ತುರುಕಿದಳು. ಕೊನೆಯ ಸಾಲಿನ ಪ್ರಕಾರ ದೀಪದ ಬಿಂಬ ಇರಬಾರದ ಕಡೆ, ನೋಡುವವನ ತಲೆಯ ಹಿಂದೆ ಬಿದ್ದಿತ್ತು.

"ಮೇಡಂ, ಅದು ತಲಿ ಹಿಂದ ಹೆಂಗ ಬರತೈತ್ರಿ?" ಎಂದಳು ಮುಂದಿನ ಬೆಂಚಿನ ಹುಡುಗಿ.

"ನನಗೇನು ಕೇಳ್ತೀ? ಇದರಾಗ ಒಬ್ಬ ಕಳ್ಳ ಅದಾನ. ನಾಳೆ ಹಿಡದ ಕೊಡ್ರಿ."

ಗಂಟೆ ಬಡಿಯಿತು. ಅವಳು ಹಿಂತಿರುಗಿ ನೋಡದೆ ಹೊರಟಳು. ಬೆನ್ನ ಹಿಂದೆ ಯಾರೋ "ಏನಿದು, ತಿಳೀಲಿಲ್ಲಪ" ಎಂದು ಗೊಣಗಿದರು, ಬೆಂಚುಗಳು ಕಿರ್ರೆಂದವು. ಬರಿಗೈಯಲ್ಲಿ, ಅದೇ ಹುಡುಗರಿಗೆ ಮುಂದಿನ ತಾಸು ಐಚ್ಛಿಕ ಇತಿಹಾಸ ಹೇಳಲೆಂದು ಹೂಲಗೇರಿ ಸರ್ ಎದುರಿನಿಂದ ಬರುತ್ತಿದ್ದರು. ಮುಖ ಬಾಡಿತ್ತು.

"ಸರ್, ಒಂದು ಮಾತು. ಹಲಗಿ ಅಳಸಬ್ಯಾಡ್ರಿ."

"ಅಳಸಾಕ ಡಸ್ಟರ್ ಎಲ್ಲೈತ್ರಿ ಅಲ್ಲಿ? ದಿನಾ ಹುಡಕೂದ ಆಗೇತಿ," ಎಂದು ಬೇಸರದಿಂದ ಅವರು ಒಳಗೆ ಹೋದರು.

ಉಗ್ರಾಣದಲ್ಲಿ ಪರದೆ ಹಚ್ಚಿದಾಗ ಅವಳ ತಾಸು ಕೆಂಪಗಿತ್ತು. ಇಪ್ಪತ್ತೊಂಬತ್ತು. ಗಂಡನ ಹಳೆಯ ಅಂಕಕ್ಕಿಂತಲೂ ಕಡಿಮೆ. ಅವಳು ಅದನ್ನು ಬದಿಗೆ ಸರಿಸಿ, ಮುಂದಿನ ತಾಸಿನ ಗೆರೆಗಳನ್ನು ತೆರೆದು, ಕುರ್ಚಿಯ ತುದಿಗೆ ಬಂದು ಕೂತಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮುಂದಿನ ಬೆಂಚಿನ ಒಂದು ಗೆರೆ ಥಟ್ಟನೆ ಮೇಲೆದ್ದಿತು. ಅದರ ಪಕ್ಕದ್ದು. ಅದರ ಹಿಂದಿನದು.

"ಪುಣ್ಯವಂತ," ಎಂದು ದಾನಮ್ಮ ಹೂಲಗೇರಿ ಸರ್ ಹೆಸರನ್ನು ನೋಡಿ ಗೊಣಗಿದಳು. "ಪೇರಲ ಹಣ್ಣು ತಂದುಕೊಡಬೇಕು ಇಂವ ನನಗ."